ಕಿವಿಗೂ ಜಾಗ ಬಿಡಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಕಣ್ಣು ಕಾಣದವರಿಗೆ ನಡಿಗೆ ಕಲಿಸುವುದು. ಬಿಳಿ ಕೋಲು ಹಿಡಿಯುವುದು ಹೇಗೆ, ರಸ್ತೆ ದಾಟುವುದು ಹೇಗೆ, ಗೊತ್ತಿಲ್ಲದ ಕಟ್ಟಡದಲ್ಲಿ ಬಾಗಿಲು ಹುಡುಕುವುದು ಹೇಗೆ, ಇಂಥವು. ಹೇಳಿಕೊಡಲು ಹೋಗಿ ನಾನು ಕಲಿತದ್ದೇ ಜಾಸ್ತಿ. ಅದರಲ್ಲಿ ಒಂದು ದಿನದ ಪಾಠವನ್ನು ಮೊದಲು ಹೇಳಿಬಿಡುತ್ತೇನೆ. ಇವತ್ತಿನ ಮಾತೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಒಂದು ದೊಡ್ಡ ರೈಲು ನಿಲ್ದಾಣ. ಸಂಜೆ ಹೊತ್ತು, ಜನ ಗಿಜಿಗಿಜಿ. ನನ್ನ ಹತ್ತಿರ ತರಬೇತಿಗೆ ಬರುತ್ತಿದ್ದ ಒಬ್ಬ ಹುಡುಗಿ ಕೋಲು ಹಿಡಿದು ಮೆಟ್ಟಿಲಿನ ಕಡೆ ಹೋಗುತ್ತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ಇದ್ದೆ. ಸಲೀಸಾಗಿ ನಡೆಯುತ್ತಿದ್ದಳು. ಕಂಬ ಬಂದರೆ ತಾನೇ ಪಕ್ಕಕ್ಕೆ ಸರಿಯುತ್ತಿದ್ದಳು. ಅಷ್ಟರಲ್ಲಿ ಮೇಲಿನ ಸ್ಪೀಕರ್‌ನಲ್ಲಿ ಘೋಷಣೆ ಶುರುವಾಯಿತು. ಅವಳು ಇದ್ದಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಂದವರು ಡಿಕ್ಕಿ ಹೊಡೆದರು. ಒಬ್ಬರು ಗೊಣಗಿಕೊಂಡು ಹೋದರು. ಅವಳು ಕದಲಲಿಲ್ಲ. ಘೋಷಣೆ ಮುಗಿಯಿತು, ಮತ್ತೆ ಹೊರಟಳು.

ಮೆಟ್ಟಿಲು ಹತ್ತಿದ ಮೇಲೆ ಕೇಳಿದೆ. "ಯಾಕಮ್ಮಾ ಮಧ್ಯದಲ್ಲಿ ನಿಂತ್ಕೊಂಡೆ? ಅದು ನಿನ್ನ ರೈಲಿನ ವಿಷಯ ಅಲ್ವಲ್ಲ?"

"ಅದು ಮಾತಾಡ್ತಾ ಇರುವಾಗ ನಂಗೇನೂ ಕಾಣಿಸಲ್ಲ ಸಾರ್" ಎಂದಳು.

ಕೇಳಿಸಲ್ಲ ಅನ್ನಲಿಲ್ಲ. ಕಾಣಿಸಲ್ಲ ಅಂದಳು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೂತಿದೆ.

ನಾವು ಏನು ಅಂದುಕೊಳ್ಳುತ್ತೇವೆ? ಕಣ್ಣು ಕಾಣದವರಿಗೆ ಶಬ್ದದ ಸಹಾಯ ಬೇಕು. ಹಾಗಾಗಿ ಇನ್ನೊಂದು ಸ್ಪೀಕರ್ ಹಾಕೋಣ, ಇನ್ನೊಂದು ಘೋಷಣೆ ಸೇರಿಸೋಣ. ಅವರ ಕಿವಿ ಖಾಲಿ ಕೂತಿದೆ, ನಾವು ಅದನ್ನು ತುಂಬಿಸಬೇಕು ಅನ್ನುವಂತೆ ಯೋಚಿಸುತ್ತೇವೆ. ಆದರೆ ಅವರ ಕಿವಿ ಖಾಲಿ ಇರುವುದಿಲ್ಲ. ಅಲ್ಲಿ ಆಗಲೇ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸ ಏನು ಅಂತ ಗೊತ್ತಾದರೆ, ಎಂಥ ಶಬ್ದ ಸಹಾಯ ಮಾಡುತ್ತದೆ, ಎಂಥದ್ದು ತೊಂದರೆ ಕೊಡುತ್ತದೆ ಅಂತ ತಾನಾಗಿಯೇ ತಿಳಿಯುತ್ತದೆ.

ಕೋಲಿನ ತುದಿ ನೆಲಕ್ಕೆ ತಾಗಿದಾಗ ಒಂದು ಸಣ್ಣ "ಟಕ್" ಬರುತ್ತದೆ. ಕಲ್ಲಿನ ನೆಲಕ್ಕೆ ಒಂದು ಥರ, ಕಬ್ಬಿಣದ ಮುಚ್ಚಳಕ್ಕೆ ಇನ್ನೊಂದು ಥರ. ಅದು ಸುಲಭ, ನಮಗೂ ಗೊತ್ತಾಗುತ್ತದೆ. ಆ "ಟಕ್" ಅಲ್ಲಿಗೇ ಮುಗಿಯುವುದಿಲ್ಲ. ಎದುರಿನ ಗೋಡೆಗೆ ಹೋಗಿ ವಾಪಸ್ ಬರುತ್ತದೆ. ಗೋಡೆ ಹತ್ತಿರ ಇದ್ದರೆ ಸದ್ದು ಬಿಗಿಯಾಗಿರುತ್ತದೆ. ಪಕ್ಕದಲ್ಲಿ ಬಾಗಿಲು ತೆರೆದಿದ್ದರೆ ಆ ಕಡೆಯ ಸದ್ದು ಬಿಚ್ಚಿಕೊಳ್ಳುತ್ತದೆ. ಕಂಬ ಬಂದರೆ ಅದರ ಹಿಂದಿನ ಗದ್ದಲ ಒಂದು ಕ್ಷಣ ಮಂಕಾಗುತ್ತದೆ. ಎಸ್ಕಲೇಟರ್‌ನ ಗುಂಯ್ ಶಬ್ದ, ಲಿಫ್ಟ್ ಬಾಗಿಲಿನ ಸದ್ದು, ಮುಂದೆ ಹೋಗುವವರ ಹೆಜ್ಜೆ ಮೆಟ್ಟಿಲ ಮೇಲೆ ಬಿದ್ದಾಗ ಬದಲಾಗುವ ತಾಳ, ಇವೆಲ್ಲ ಸೇರಿ ಒಂದು ನಕ್ಷೆ ಆಗುತ್ತದೆ.

ಇದು ನಿಜಕ್ಕೂ ಕಿವಿಯ ಕೆಲಸವೇ ಅಂತ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಕಣ್ಣು ಕಾಣದ ಎಷ್ಟೋ ಜನ, ಗೋಡೆ ಹತ್ತಿರ ಬಂದಾಗ ಮುಖದ ಮೇಲೆ ಏನೋ ಒತ್ತಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಅದಕ್ಕೆ "ಮುಖದ ದೃಷ್ಟಿ" ಅಂತಲೇ ಹೆಸರಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸೂಪಾ, ಕೋಟ್ಜಿನ್, ಡಾಲೆನ್‌ಬಾಕ್ ಎಂಬ ಮೂವರು ಇದನ್ನು ಪರೀಕ್ಷೆ ಮಾಡಿ 1944ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಬಂದವರ ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರು. ಆದರೂ ಗೋಡೆ ಇರುವುದು ಗೊತ್ತಾಯಿತು. ಕಿವಿ ಮುಚ್ಚಿದರು. ಅವರು ಹೋಗಿ ಗೋಡೆಗೆ ಗುದ್ದಿಕೊಂಡರು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. ನಡೆಯುವವರ ಹೆಜ್ಜೆ ಸದ್ದನ್ನು ಮೈಕ್ ಮೂಲಕ ಬೇರೆ ಕೋಣೆಯಲ್ಲಿ ಕೂತವರಿಗೆ ಕೇಳಿಸಿದರು. ಕೂತಲ್ಲಿಂದಲೇ ಅವರು, ನಡೆಯುತ್ತಿರುವವರು ಗೋಡೆ ಹತ್ತಿರ ಬಂದರು ಅಂತ ಹೇಳಿದರು. ಮುಖದ ಮೇಲೆ ಅನ್ನಿಸುತ್ತಿದ್ದದ್ದು ಪ್ರತಿಧ್ವನಿ. ಕಿವಿ ಎಷ್ಟು ನಾಜೂಕಾಗಿ ಆ ಕೆಲಸ ಮಾಡುತ್ತಿತ್ತೆಂದರೆ, ಮಾಡುತ್ತಿರುವುದು ಕಿವಿ ಅಂತ ಆ ಮನುಷ್ಯನಿಗೇ ಗೊತ್ತಿರಲಿಲ್ಲ.

ಈಗ ಈ ನಾಜೂಕು ಕೆಲಸದ ಮೇಲೆ ಒಂದು ದೊಡ್ಡ ಸ್ಪೀಕರ್ ತಂದಿಟ್ಟರೆ ಏನಾಗಬೇಡ?

ಜೋರು ಮಾಡುವುದು ಯಾಕೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಪೀಕರ್‌ನಿಂದ ಹೊರಟ ಮಾತು 30 ಮೀಟರ್ ಆಚೆಯ ಗೋಡೆಗೆ ಬಡಿದು ಬರಲು 0.17 ಸೆಕೆಂಡ್ ಬೇಕು. ನಾವು ಮಾತಾಡುವಾಗ ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅಂದರೆ ಮೊದಲ ಅಕ್ಷರದ ಪ್ರತಿಧ್ವನಿ ಎರಡನೆಯ ಅಕ್ಷರದ ಮೇಲೆ ಬಂದು ಕೂರುತ್ತದೆ. ಎರಡನೆಯದು ಮೂರನೆಯದರ ಮೇಲೆ. ದನಿ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಮಾತು ದೊಡ್ಡದಾಗುತ್ತದೆ, ಸ್ಪಷ್ಟ ಆಗುವುದಿಲ್ಲ. ಮಾತಿನ ಸ್ಪಷ್ಟತೆ ಅಳೆಯಲು ಇಂಜಿನಿಯರುಗಳ ಹತ್ತಿರ 0ಯಿಂದ 1ರವರೆಗಿನ ಒಂದು ಅಳತೆ ಇದೆ, ಎಸ್‌ಟಿಐ ಅನ್ನುತ್ತಾರೆ. ತುರ್ತು ಘೋಷಣೆಗಳಿಗೆ ಸಾಮಾನ್ಯವಾಗಿ ಕನಿಷ್ಠ 0.5 ಕೇಳುತ್ತಾರೆ. ಸ್ಪೀಕರ್ ಹಾಕಿಸುವವರು ಎಷ್ಟು ವಾಟ್ ಅಂತ ಕೇಳುವ ಬದಲು ಎಸ್‌ಟಿಐ ಎಷ್ಟು ಅಂತ ಕೇಳಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಗದ್ದಲ ಜಾಸ್ತಿ ಆದಾಗ ನಾವೆಲ್ಲ ನಮಗೇ ಗೊತ್ತಿಲ್ಲದೆ ದನಿ ಏರಿಸುತ್ತೇವೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದರ ಬಗ್ಗೆ ಬರೆದರು. ಘೋಷಣೆ ಜೋರಾದರೆ ಜನ ಜೋರಾಗಿ ಮಾತಾಡುತ್ತಾರೆ. ಜನ ಜೋರಾದರೆ ಘೋಷಣೆಯನ್ನು ಇನ್ನಷ್ಟು ಜೋರು ಮಾಡುತ್ತಾರೆ. ಇಬ್ಬರ ಜಗಳದಲ್ಲಿ ಕೋಲಿನ "ಟಕ್" ಮುಳುಗಿಹೋಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ದೊಡ್ಡ ಕಟ್ಟಡದ ಹಜಾರದಲ್ಲಿ ಅಂಧರಿಗೆ ದಾರಿ ತಿಳಿಯಲಿ ಅಂತ ಶಬ್ದದ ವ್ಯವಸ್ಥೆ ಮಾಡುತ್ತಿದ್ದರು. ನನ್ನ ಸಲಹೆ ಕೇಳಿದರು. ಚಾವಣಿಯಲ್ಲಿ ಸ್ಪೀಕರ್ ಹಾಕಿ, ಎಲ್ಲ ಮೂಲೆಗೂ ಕೇಳಿಸಲಿ ಅಂತ ನಾನೇ ಹೇಳಿದೆ. ಎಲ್ಲ ಮೂಲೆಗೂ ಕೇಳಿಸಿತು. "ಬಲಗಡೆ ವಿಚಾರಣಾ ಕೌಂಟರ್ ಇದೆ" ಎಂದು ಅದು ಹೇಳುತ್ತಿತ್ತು. ಯಾರ ಬಲಗಡೆ? ಬಾಗಿಲಿಂದ ಒಳಗೆ ಬರುವವರಿಗೆ ಅದು ಬಲ. ಹೊರಗೆ ಹೋಗುವವರಿಗೆ ಎಡ. ನಡುವೆ ನಿಂತವರಿಗೆ ಎರಡೂ ಅಲ್ಲ. ದನಿಯೂ ತಲೆ ಮೇಲಿಂದ, ನಾಲ್ಕೂ ಕಡೆಯಿಂದ ಬರುತ್ತಿತ್ತು. ಮೊದಲ ದಿನ ಪರೀಕ್ಷೆಗೆ ಬಂದಿದ್ದ ಹಿರಿಯರೊಬ್ಬರು ಹೇಳಿದರು, "ಕೌಂಟರ್ ಇದೆ ಅಂತ ಗೊತ್ತಾಯ್ತಪ್ಪ. ಎಲ್ಲಿದೆ ಅಂತ ಗೊತ್ತಾಗಲಿಲ್ಲ."

ಆಮೇಲೆ ಅದನ್ನು ತೆಗೆಸಿದೆವು. ಕೌಂಟರ್ ಮೇಜಿನ ಅಂಚಿನಲ್ಲೇ, ಸೊಂಟದ ಎತ್ತರದಲ್ಲಿ ಒಂದು ಸಣ್ಣ ಸ್ಪೀಕರ್ ಇಡಿಸಿದೆವು. ಅದು ಮೆಲ್ಲಗೆ ಟಿಕ್ ಟಿಕ್ ಅನ್ನುತ್ತಿತ್ತು, ಅಷ್ಟೇ. ಮಾತೇ ಇಲ್ಲ. ಅದೇ ಹಿರಿಯರು ನೇರ ನಡೆದುಕೊಂಡು ಹೋಗಿ ಮೇಜಿನ ಮೇಲೆ ಕೈ ಇಟ್ಟರು.

ಇದರ ಹಿಂದಿನ ಲೆಕ್ಕ ಸರಳ. ನೇರವಾಗಿ ಬರುವ ಶಬ್ದ, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆ ಆಗುತ್ತದೆ. ತಿರುಗಿಸಿ ನೋಡಿ. 8 ಮೀಟರ್ ದೂರ ಇದ್ದ ಸ್ಪೀಕರನ್ನು 1 ಮೀಟರ್ ದೂರಕ್ಕೆ ತಂದರೆ 18 ಡೆಸಿಬೆಲ್ ಲಾಭ. ದನಿ ಒಂದಿಷ್ಟೂ ಏರಿಸದೆ! ಹತ್ತಿರ ಇರುವ ಸಣ್ಣ ಸದ್ದಿನ ಪ್ರತಿಧ್ವನಿ, ನೇರ ಬಂದ ಸದ್ದನ್ನು ಮುಚ್ಚುವಷ್ಟು ದೊಡ್ಡದೂ ಇರುವುದಿಲ್ಲ. ಹಾಗಾಗಿ ಎಲ್ಲಿಂದ ಬಂತು ಅನ್ನುವುದೂ ಸರಿಯಾಗಿ ಗೊತ್ತಾಗುತ್ತದೆ.

"ಎಲ್ಲಿಂದ" ಅನ್ನುವ ಪ್ರಶ್ನೆ ಮುಖ್ಯ. ಕಿವಿ ಅದನ್ನು ಹೇಗೆ ಲೆಕ್ಕ ಹಾಕುತ್ತದೆ? ಬಲಗಡೆಯ ಶಬ್ದ ಬಲಗಿವಿಗೆ ಮೊದಲು ತಲುಪುತ್ತದೆ. ಎಡಗಿವಿಗೆ ಒಂದು ಸ್ವಲ್ಪ ತಡ. ಎಷ್ಟು ತಡ? ತೀರಾ ಪಕ್ಕದಿಂದ ಬಂದರೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸ ಸಾಕು ಮಿದುಳಿಗೆ. ಎತ್ತರದ ಸ್ವರಗಳಿಗೆ ತಲೆಯೇ ಅಡ್ಡ ಬರುವುದರಿಂದ ಆಚೆ ಕಿವಿಗೆ ಸದ್ದು ಸ್ವಲ್ಪ ಮೆಲ್ಲಗೆ ಕೇಳುತ್ತದೆ. ಅದೂ ಒಂದು ಸುಳಿವು. ಆದ್ದರಿಂದಲೇ ಒಂದೇ ಸ್ವರದಲ್ಲಿ "ಪೀ" ಎಂದು ಉದ್ದಕ್ಕೆ ಎಳೆಯುವ ಶಬ್ದ, ಮುಚ್ಚಿದ ಜಾಗದಲ್ಲಿ ಎಲ್ಲಿಂದ ಬರುತ್ತಿದೆ ಅಂತ ಹೇಳುವುದು ಕಷ್ಟ. "ಟಿಕ್" ಥರದ ಶಬ್ದದಲ್ಲಿ ಎಲ್ಲ ಸ್ವರಗಳೂ ಬೆರೆತಿರುತ್ತವೆ, ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುತ್ತದೆ. ಕಿವಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಎರಡು ಟಿಕ್ ನಡುವೆ ಮೌನವೂ ಸಿಗುತ್ತದೆ. ಆ ಮೌನದಲ್ಲಿ ಕಿವಿ ತನ್ನ ಉಳಿದ ಕೆಲಸ ಮಾಡಿಕೊಳ್ಳುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ರಸ್ತೆ ದಾಟುವ ಕಡೆಯ ಸಿಗ್ನಲ್ ಕಂಬ. ಅಮೆರಿಕದ ಸಂಚಾರ ಸಿಗ್ನಲ್‌ಗಳ ಕೈಪಿಡಿಯಲ್ಲಿ ಈ ಕಂಬಕ್ಕೆ ಇರುವ ನಿಯಮಗಳನ್ನು ಓದಿದಾಗ ನನಗೆ ಸಂತೋಷವಾಯಿತು. ಯಾರೋ ನಿಜವಾಗಿ ಕಂಬದ ಪಕ್ಕ ನಿಂತು, ಕಿವಿಗೊಟ್ಟು ಬರೆದಿದ್ದಾರೆ.

ಕಂಬದಲ್ಲಿ ಗುಂಡಿ ಎಲ್ಲಿದೆ ಅಂತ ತಿಳಿಸಲು ಒಂದು ಸಣ್ಣ ಶಬ್ದ ಬರುತ್ತಿರುತ್ತದೆ. ಅದು 0.15 ಸೆಕೆಂಡಿಗಿಂತ ಉದ್ದ ಇರಬಾರದು. ಸೆಕೆಂಡಿಗೆ ಒಂದು ಸಲ ಬರಬೇಕು. ಸುತ್ತಲಿನ ಗದ್ದಲಕ್ಕಿಂತ ಹೆಚ್ಚೆಂದರೆ 5 ಡೆಸಿಬೆಲ್ ಮಾತ್ರ ಜಾಸ್ತಿ. ಗುಂಡಿಯಿಂದ 2 ರಿಂದ 4 ಮೀಟರ್ ಒಳಗೆ ಕೇಳಿಸಿದರೆ ಸಾಕು. ಕಂಬದಲ್ಲೇ ಒಂದು ಮೈಕ್ ಇದ್ದು ಟ್ರಾಫಿಕ್ ಸದ್ದನ್ನು ಅಳೆಯುತ್ತಿರುತ್ತದೆ. ಲಾರಿ ಬಂದರೆ ಶಬ್ದ ತಾನೇ ಏರುತ್ತದೆ. ರಾತ್ರಿ ರಸ್ತೆ ಖಾಲಿಯಾದರೆ ತಾನೇ ಇಳಿಯುತ್ತದೆ. ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಅಕ್ಕಪಕ್ಕದವರಿಗೆ ಕಿರಿಕಿರಿ ಆದರೆ ದೂರು ಬರುತ್ತದೆ, ದೂರು ಬಂದರೆ ಯಾರಾದರೂ ಸ್ವಿಚ್ ಆಫ್ ಮಾಡುತ್ತಾರೆ. ಆಫ್ ಆದ ಸಿಗ್ನಲ್‌ಗಿಂತ ಅಪಾಯದ್ದು ಇನ್ನೊಂದಿಲ್ಲ, ಯಾಕೆಂದರೆ ಅದನ್ನು ನಂಬಿ ಬರುವವರು ಇರುತ್ತಾರೆ.

ಗುಂಡಿಯ ಮೇಲೆ ಒಂದು ಬಾಣ ಇದೆ. ಬೆರಳಿಗೆ ಸಿಗುವಂತೆ ಎದ್ದು ನಿಂತಿರುತ್ತದೆ. ಬಾಣ ತೋರಿಸುವ ದಿಕ್ಕೇ ದಾಟುವ ದಿಕ್ಕು. ದಾಟಲು ಅವಕಾಶ ಬಂದಾಗ ಆ ಬಾಣ ನಡುಗುತ್ತದೆ. ಜೊತೆಗೆ ಟಿಕ್ ಶಬ್ದ ಚುರುಕಾಗಿ ಸೆಕೆಂಡಿಗೆ 8 ರಿಂದ 10 ಸಲ ಬರುತ್ತದೆ. ಒಂದೇ ಮೂಲೆಯಲ್ಲಿ ಎರಡು ದಿಕ್ಕಿಗೆ ದಾಟಲು ಇರುವ ಎರಡು ಕಂಬಗಳ ನಡುವೆ ಕನಿಷ್ಠ ಸುಮಾರು 3 ಮೀಟರ್ ಅಂತರ ಇರಬೇಕು. ಯಾವ ಕಂಬ ಟಿಕ್ ಅನ್ನುತ್ತಿದೆಯೋ ಆ ದಾರಿ ನಿನ್ನದು, ಅಷ್ಟೇ. ಅಷ್ಟು ಅಂತರ ಇಲ್ಲದ ಕಡೆ ಮಾತ್ರ ಮಾತಿನ ಸಂದೇಶ. ನೋಡಿ, ಶಬ್ದ ಇರುವ ಜಾಗವೇ ಅರ್ಥ ಹೇಳುತ್ತಿದೆ. ಮಾತು ಬೇಕಾಗುವುದು ಜಾಗ ಕೈಕೊಟ್ಟಾಗ.

ಇದಕ್ಕೂ ಮೊದಲು ಅಲ್ಲಿ ಹಕ್ಕಿ ಕೂಗಿನ ಪದ್ಧತಿ ಇತ್ತು. ಉತ್ತರ-ದಕ್ಷಿಣ ದಾಟುವುದಕ್ಕೆ ಕೋಗಿಲೆ ಥರ "ಕುಕ್ಕೂ". ಪೂರ್ವ-ಪಶ್ಚಿಮಕ್ಕೆ ಚಿಲಿಪಿಲಿ. ಕೇಳಲು ಇಂಪು. ಆದರೆ ನಾನು ಈಗ ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಅಂತ ಮೊದಲು ಗೊತ್ತಿರಬೇಕು. ಓರೆಯಾಗಿ ಹೋಗುವ ರಸ್ತೆಗೆ ಯಾವ ಹಕ್ಕಿ? ಮರದ ಮೇಲಿನ ನಿಜವಾದ ಹಕ್ಕಿ ಕೂಗಿದರೆ? ಹಾಗಾಗಿ ಅದನ್ನು ಬಿಟ್ಟು ಟಿಕ್‌ಗೆ ಬಂದರು. ಜಪಾನಿನ ರೈಲು ನಿಲ್ದಾಣಗಳಲ್ಲಿ ಹಕ್ಕಿ ದನಿ ಈಗಲೂ ಇದೆ. ಪ್ಲಾಟ್‌ಫಾರಂನಲ್ಲಿ ಮೆಟ್ಟಿಲು ಇರುವ ಕಡೆ ಹಕ್ಕಿ ಕೂಗುತ್ತದೆ, ಟಿಕೆಟ್ ಗೇಟ್ ಹತ್ತಿರ "ಪಿಂಗ್ ಪಾಂಗ್" ಗಂಟೆ ಬರುತ್ತದೆ. ಅಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಯಾಕೆಂದರೆ ಅಲ್ಲಿ ಹಕ್ಕಿ ದಿಕ್ಕು ಹೇಳುತ್ತಿಲ್ಲ, "ಮೆಟ್ಟಿಲು ಇಲ್ಲಿದೆ" ಅಂತ ಮೆಟ್ಟಿಲ ಬಳಿಯಿಂದಲೇ ಹೇಳುತ್ತಿದೆ.

ಈಗ ಒಂದು ಪ್ರಶ್ನೆ. ಎಲ್ಲ ಬಾಗಿಲು, ಎಲ್ಲ ಮೆಟ್ಟಿಲು, ಎಲ್ಲ ಕೌಂಟರೂ ಟಿಕ್ ಟಿಕ್ ಅನ್ನತೊಡಗಿದರೆ? ಅದೂ ಗದ್ದಲವೇ ಆಗುತ್ತದೆ, ಅಲ್ವಾ? ಹಾಗಾಗಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಳಿದಾಗ ಮಾತ್ರ ಮಾತಾಡುವ ವ್ಯವಸ್ಥೆ. ಚೆಕ್ ದೇಶದಲ್ಲಿ ಕಣ್ಣು ಕಾಣದವರ ಕೈಯಲ್ಲಿ ಆರು ಗುಂಡಿಯ ಒಂದು ಪುಟ್ಟ ರಿಮೋಟ್ ಇರುತ್ತದೆ. ಟ್ರಾಮ್ ಬಂದು ನಿಂತಾಗ ಒತ್ತಿದರೆ ಟ್ರಾಮ್ ತನ್ನ ನಂಬರ್ ಮತ್ತು ಹೋಗುವ ಜಾಗ ಹೇಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ, ಕಣ್ಣು ಕಾಣದವರೊಬ್ಬರು ಹತ್ತುತ್ತಿದ್ದಾರೆ ಅಂತ ಚಾಲಕರಿಗೆ ತಿಳಿಯುತ್ತದೆ. ಕಟ್ಟಡದ ಬಾಗಿಲ ಬಳಿ ಒತ್ತಿದರೆ ಬಾಗಿಲ ಮೇಲಿನ ಪೆಟ್ಟಿಗೆ "ಇಲ್ಲಿದ್ದೇನೆ" ಅನ್ನುತ್ತದೆ. ಯಾರೂ ಒತ್ತದಿದ್ದರೆ ಎಲ್ಲವೂ ಸುಮ್ನೆ ಇರುತ್ತವೆ. ದೆಹಲಿಯ ಐಐಟಿಯಲ್ಲಿ ಬಸ್ಸುಗಳಿಗಾಗಿ ರೂಪಿಸಿದ ಆನ್‌ಬೋರ್ಡ್ ಎಂಬ ಸಾಧನ ಕೂಡ ಇದೇ ಯೋಚನೆಯದು. ಬಸ್ಸಿನ ಬಾಗಿಲ ಹತ್ತಿರವೇ ದನಿ ಬರುವುದರಿಂದ ನಂಬರ್ ಜೊತೆಗೆ ಬಾಗಿಲು ಎಲ್ಲಿ ಅನ್ನುವುದೂ ಗೊತ್ತಾಗುತ್ತದೆ.

ಇದಕ್ಕಿಂತ ಹಿಂದೆ, 1970ರ ದಶಕದ ಕೊನೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್-ಕೆಟಲ್‌ವೆಲ್ ಸಂಸ್ಥೆಯಲ್ಲಿ "ಟಾಕಿಂಗ್ ಸೈನ್" ಅಂದರೆ ಮಾತಾಡುವ ಫಲಕಗಳನ್ನು ಮಾಡಿದರು. ಫಲಕದಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬರುತ್ತದೆ. ಕೈಯಲ್ಲಿನ ಯಂತ್ರವನ್ನು ಆ ಕಡೆ ತಿರುಗಿಸಿದರೆ ಫಲಕದಲ್ಲಿ ಬರೆದಿರುವುದು ಕೇಳಿಸುತ್ತದೆ. ಬೇರೆ ಕಡೆ ತಿರುಗಿಸಿದರೆ ನಿಲ್ಲುತ್ತದೆ. ನಾವು ಕಣ್ಣು ಹೊರಳಿಸಿ ಬೋರ್ಡ್ ಓದುವ ಹಾಗೆಯೇ, ಅವರು ಕೈ ಹೊರಳಿಸಿ ಓದುತ್ತಾರೆ. ಬೇಕಾದಾಗ ಓದುವುದು, ಬೇಡವಾದಾಗ ಬಿಡುವುದು. ಈ ಸ್ವಾತಂತ್ರ್ಯ ಕಣ್ಣಿದ್ದವರಿಗೆ ಸದಾ ಇರುತ್ತದೆ. ಕಿವಿಗೆ ರೆಪ್ಪೆ ಇಲ್ಲ. ಹಾಗಾಗಿ ಕಿವಿಗೆ ಆ ಸ್ವಾತಂತ್ರ್ಯವನ್ನು ನಾವು ಮಾಡಿಕೊಡಬೇಕಾಗುತ್ತದೆ.

ಇನ್ನು ಮಾತಿನ ವಿಷಯಕ್ಕೆ ಬರುತ್ತೇನೆ. ಕೆಲವು ಕಡೆ ಮಾತು ಬೇಕೇ ಬೇಕು. ಆಗ ಏನು ಹೇಳಬೇಕು, ಹೇಗೆ ಹೇಳಬೇಕು? ಇದರ ಬಗ್ಗೆ ಕನ್ನಡದಲ್ಲಿ ಯೋಚಿಸಿದವರು ಕಡಿಮೆ. ಇನ್ನೊಂದು ಭಾಷೆಯ ವಾಕ್ಯವನ್ನು ತಂದು ಕನ್ನಡಕ್ಕೆ ಇಳಿಸಿಬಿಡುತ್ತಾರೆ, ಅಷ್ಟೇ.

ಗದ್ದಲದಲ್ಲಿ ಮೊದಲು ಕಳೆದುಹೋಗುವುದು ವ್ಯಂಜನ. ಸ್ವರ ಗಟ್ಟಿ, ಉಳಿದುಕೊಳ್ಳುತ್ತದೆ. ಯಾವ ವ್ಯಂಜನ ಯಾವುದರ ಜೊತೆ ಬೆರೆಯುತ್ತದೆ ಅಂತ ಮಿಲ್ಲರ್ ಮತ್ತು ನೈಸ್ಲಿ ಎಂಬವರು 1955ರಲ್ಲಿ ಅಳೆದು ತೋರಿಸಿದರು. ಗದ್ದಲದಲ್ಲಿ ಕೇಳುವವರಿಗೆ ಪ, ತ, ಕ ಒಂದಕ್ಕೊಂದು ಬೆರೆತುಹೋಗುತ್ತವೆ. ಮ ಮತ್ತು ನ ಬೆರೆತುಹೋಗುತ್ತವೆ. ಮೂಗಿನಿಂದ ಬಂದದ್ದು ಅಂತ ಗೊತ್ತಾಗುತ್ತದೆ, ತುಟಿಯದೋ ನಾಲಗೆಯದೋ ಅಂತ ಗೊತ್ತಾಗುವುದಿಲ್ಲ.

ಈಗ ನಮ್ಮ ಅಂಕಿಗಳನ್ನು ಹೇಳಿ ನೋಡಿ. ಮೂರು, ನೂರು. ಒಂದು ಮ, ಒಂದು ನ, ಅಷ್ಟೇ ವ್ಯತ್ಯಾಸ. ಆರು ಕೂಡ ದೂರ ಇಲ್ಲ. "ನೂರ ಮೂರು" ಎಂದು ಸ್ಪೀಕರ್‌ನಲ್ಲಿ ಬಂದರೆ ಕೇಳುವವರ ಗತಿ ಏನು? "ಒಂದು, ಸೊನ್ನೆ, ಮೂರು" ಎಂದು ಬಿಡಿಸಿ ಹೇಳಿದರೆ ಎಷ್ಟೋ ವಾಸಿ. "ಎಡ" ಮತ್ತು "ಬಲ" ಚೆನ್ನಾಗಿವೆ. ಸ್ವರವೇ ಬೇರೆ, ಒಂದು "ಎ"ಯಿಂದ ಶುರುವಾದರೆ ಇನ್ನೊಂದರಲ್ಲಿ "ಅ" ಇದೆ. "ವಾಮ", "ದಕ್ಷಿಣ" ಅಂತೆಲ್ಲ ಹೋಗದೆ ಇದನ್ನೇ ಉಳಿಸಿಕೊಳ್ಳೋಣ.

ಇದಕ್ಕಿಂತ ದೊಡ್ಡದು ಒಂದಿದೆ. ಕನ್ನಡದಲ್ಲಿ "ಇಲ್ಲ" ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ. "ಈ ಲಿಫ್ಟ್ ಕೆಲಸ ಮಾಡುವುದಿಲ್ಲ." ನಾವು ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತೇವೆ. ಗದ್ದಲ ನುಂಗುವುದು ಇಳಿದ ದನಿಯನ್ನೇ. "ಈ ಲಿಫ್ಟ್ ಕೆಲಸ ಮಾಡುವು..." ಅಷ್ಟು ಕೇಳಿಸಿದವರು ಲಿಫ್ಟ್ ಕಡೆಗೇ ಹೋಗುತ್ತಾರೆ. ವಾಕ್ಯದ ಬಾಲ ಕಳೆದರೆ ಅರ್ಥವೇ ತಿರುವುಮುರುವು. ಅದರ ಬದಲು "ಲಿಫ್ಟ್ ಕೆಟ್ಟಿದೆ" ಅನ್ನಿ. "ಬಾಗಿಲು ತೆರೆಯುವುದಿಲ್ಲ" ಬೇಡ, "ಬಾಗಿಲು ಮುಚ್ಚಿದೆ" ಅನ್ನಿ. "ಪ್ರಯಾಣಿಕರ ಗಮನಕ್ಕೆ, ದಯವಿಟ್ಟು" ಅಂತ ಅರ್ಧ ನಿಮಿಷ ಪೀಠಿಕೆ ಹಾಕುವುದೂ ಬೇಡ. ಆದರೆ ಮೊದಲ ಪದವೇ ಮುಖ್ಯ ಪದ ಆಗಬಾರದು, ಯಾಕೆಂದರೆ ಕಿವಿ ಇನ್ನೂ ಆ ಕಡೆ ತಿರುಗಿರುವುದಿಲ್ಲ. ಕನ್ನಡದಲ್ಲಿ "ಎಡಕ್ಕೆ ತಿರುಗಿ" ಅನ್ನುವಾಗ ಬೇಕಾದದ್ದು ಮೊದಲೇ ಬಂದುಬಿಡುತ್ತದೆ. ಹಾಗಾಗಿ ಮುಂಚೆ ಒಂದು ಸಣ್ಣ ಗಂಟೆ ಸದ್ದು ಇರಲಿ. ಆಮೇಲೆ ಮಾತು. ಒಮ್ಮೆ ಹೇಳಿ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಅದೇ ಪದಗಳಲ್ಲಿ ಹೇಳಿ. ಬೇರೆ ಪದ ಬಳಸಿದರೆ ಅದು ಹೊಸ ಸುದ್ದಿಯೇನೋ ಅನ್ನಿಸುತ್ತದೆ.

ಫೋನ್ ಇದೆಯಲ್ಲ, ಇಯರ್‌ಫೋನ್ ಹಾಕಿಕೊಂಡರೆ ಆಯಿತು ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಕಿವಿಯೊಳಗೆ ಬಿರಡೆ ಹಾಕಿಕೊಂಡು ಹೊರಗೆ ನಡೆಯಿರಿ ಅಂದರೆ, ಕಾರ್ನೆಲ್‌ನಲ್ಲಿ ಗೋಡೆಗೆ ಗುದ್ದಿಕೊಂಡವರ ಕಥೆಯೇ ಆಗುತ್ತದೆ. ಅದಕ್ಕೇ ತುಂಬಾ ಜನ ಬೋನ್ ಕಂಡಕ್ಷನ್ ಹೆಡ್‌ಫೋನ್ ಬಳಸುತ್ತಾರೆ. ಅದು ಕಿವಿ ಮುಂದಿನ ಮೂಳೆಯ ಮೇಲೆ ಕೂರುತ್ತದೆ, ಕಿವಿ ತೆರೆದೇ ಇರುತ್ತದೆ. ಅನುಕೂಲವೇ. ಆದರೆ ಮೂಳೆಯಿಂದ ಬಂದ ಶಬ್ದವೂ ಗಾಳಿಯಿಂದ ಬಂದ ಶಬ್ದವೂ ಕೊನೆಗೆ ಸೇರುವುದು ಒಳಗಿವಿಯ ಅದೇ ಜಾಗಕ್ಕೆ. ಗದ್ದಲ ಜಾಸ್ತಿ ಆದರೆ ಇದೂ ಕೇಳಿಸುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಗೊತ್ತಾ? ಬೆರಳಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ಮಾತು ಚೆನ್ನಾಗಿ ಕೇಳುತ್ತದೆ. ಸುತ್ತಲಿನ ಲೋಕ ಮಾಯ. ಹಾಗೆ ಮುಚ್ಚಿಕೊಳ್ಳುವಾಗ ನಿಂತಿರಬೇಕು, ನಡೆಯಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಫೋನ್ ಆ್ಯಪ್‌ಗಳಲ್ಲಿ ಒಳ್ಳೆಯ ಯೋಚನೆಗಳು ಬಂದಿವೆ. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಸೌಂಡ್‌ಸ್ಕೇಪ್ ಎಂಬ ಆ್ಯಪ್ ಬಿಟ್ಟಿತು. "200 ಮೀಟರ್ ಹೋಗಿ ಎಡಕ್ಕೆ" ಅನ್ನುವ ಬದಲು, ಹೋಗಬೇಕಾದ ಜಾಗದ ದಿಕ್ಕಿನಿಂದಲೇ ಒಂದು ಮೆಲ್ಲನೆಯ ತಾಳ ಬಂದ ಹಾಗೆ ಅದು ಕೇಳಿಸುತ್ತಿತ್ತು. 2023ರ ಜನವರಿಯಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ನೆಲದಡಿಯ ನಿಲ್ದಾಣಗಳಲ್ಲಿ ಜಿಪಿಎಸ್ ಸಿಗುವುದಿಲ್ಲ. ಅದಕ್ಕೆ ಲಂಡನ್ನಿನ ಪಿಮ್ಲಿಕೋ ನಿಲ್ದಾಣದಲ್ಲಿ ಬ್ಲೂಟೂತ್ ಬೀಕನ್, ಅಂದರೆ ಫೋನಿಗೆ ಸಂಕೇತ ಕಳಿಸುವ ಪುಟ್ಟ ಪೆಟ್ಟಿಗೆಗಳನ್ನು ಇಟ್ಟು ವೇಫೈಂಡರ್ ಎಂಬ ಪ್ರಯೋಗ ಮಾಡಿದರು. ಆ ಅನುಭವ ಮುಂದೆ ವಿಶ್ವಸಂಸ್ಥೆಯ ದೂರಸಂಪರ್ಕ ಅಂಗವಾದ ಐಟಿಯು ಸಂಸ್ಥೆಯ ಎಫ್.921 ಎಂಬ ಅಂತರರಾಷ್ಟ್ರೀಯ ಶಿಫಾರಸಿಗೆ ದಾರಿಯಾಯಿತು. ಅದು 2017ರಲ್ಲಿ ಬಂತು. ಆ್ಯಪ್ ಮಾಡುವವರಿಗೆ ನನ್ನ ಕೋರಿಕೆ ಒಂದೇ. ನಡೆಯುವಾಗ ಹೇಳಬೇಡಿ. ಮೆಟ್ಟಿಲ ಬುಡ, ಬಾಗಿಲು, ತಿರುವು, ಇಂಥ ಕಡೆ ಹೇಳಿ. ಅಲ್ಲಿ ಅವರು ಹೇಗೂ ಒಂದು ಕ್ಷಣ ನಿಲ್ಲುತ್ತಾರೆ.

ಗದ್ದಲದ ಬಗ್ಗೆ ಇಷ್ಟು ಹೇಳಿದ ಮೇಲೆ ಮೌನದ ಬಗ್ಗೆಯೂ ಒಂದು ಮಾತು. ಎಲೆಕ್ಟ್ರಿಕ್ ವಾಹನಗಳು ನಿಧಾನಕ್ಕೆ ಬಂದರೆ ಸದ್ದೇ ಇಲ್ಲ. ವಿಶ್ವಸಂಸ್ಥೆಯ 138ನೇ ನಿಯಮದ ಪ್ರಕಾರ ಇಂಥ ಕಾರು ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ತಾನೇ ಸದ್ದು ಮಾಡಬೇಕು. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಇದು ಕಡ್ಡಾಯ. ಸುತ್ತಲಿನ ಗದ್ದಲದಲ್ಲಿ ಆ ಸದ್ದು ಮುಳುಗಿದರೆ ಪ್ರಯೋಜನ ಇಲ್ಲ ಅನ್ನುವುದು ಬೇರೆ ಮಾತು. ಅದಕ್ಕೇ ಗದ್ದಲ ತಗ್ಗಿಸುವುದೂ ದಾರಿ ತೋರಿಸುವ ಕೆಲಸವೇ ಅಂತ ನಾನು ನಂಬುತ್ತೇನೆ. ಚಾವಣಿಗೆ ಶಬ್ದ ಹೀರುವ ಹಲಗೆ ಹಾಕಿಸಿದರೆ ಅದು ಯಾವ ಆ್ಯಪ್‌ಗೂ ಕಡಿಮೆ ಇಲ್ಲ.

ಕಿವಿ ಎಲ್ಲರಿಗೂ ಒಂದೇ ಥರ ಇರುವುದಿಲ್ಲ ಅನ್ನುವುದನ್ನೂ ಮರೆಯಬಾರದು. ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರೇ ಹೆಚ್ಚು. ಅವರಿಗೆ ಎತ್ತರದ ಸ್ವರಗಳೂ ಮಂಕಾಗಿರುತ್ತವೆ. ಒಂದು ಕಿವಿ ಮಾತ್ರ ಕೇಳುವವರಿಗೆ ದಿಕ್ಕು ಸಿಗುವುದು ಕಷ್ಟ. ಅವರಿಗೆಲ್ಲ ನಡುಗುವ ಬಾಣ ಬೇಕು, ಕಾಲಿಗೆ ತಾಗುವ ಗುರುತು ಬೇಕು. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಉಬ್ಬು ಚುಕ್ಕಿಯ ನೆಲಹಾಸು ರೂಪಿಸಿದರು. 1967ರಲ್ಲಿ ಒಕಾಯಾಮದಲ್ಲಿ ಮೊದಲ ಬಾರಿ ಹಾಕಿದರು. ಅದಕ್ಕೆ ಯಾವ ಗದ್ದಲವೂ ಅಡ್ಡಿ ಮಾಡುವುದಿಲ್ಲ. ಅದರ ಮೇಲೆ ಗಾಡಿ ನಿಲ್ಲಿಸದಿದ್ದರೆ ಆಯಿತು.

ಕೊನೆಗೆ ಇನ್ನೊಂದು ಪ್ರಶ್ನೆ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗ ಕೇಳಿದ. "ಸಾರ್, ಸ್ಪೀಕರು, ಬೀಕನ್ನು ಎಲ್ಲ ನಮ್ಮ ಕೈಲಿಲ್ಲ. ದಾರೀಲಿ ಯಾರಾದ್ರೂ ಸಿಕ್ಕಿದ್ರೆ ನಾವೇನು ಮಾಡ್ಬೇಕು?"

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ದೂರದಿಂದ ಕೂಗಬೇಡಪ್ಪ. ಆ ಕೂಗು ಯಾರಿಗೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಹತ್ತಿರ ಹೋಗು, ಎದುರು ನಿಲ್ಲು, ಸಹಾಯ ಬೇಕಾ ಅಂತ ಮೊದಲು ಕೇಳು. ಬೇಡ ಅಂದರೆ ಬಿಟ್ಟುಬಿಡು. ಬೇಕು ಅಂದರೆ ಅವರ ಕೈ ಹಿಡಿದು ಎಳೆಯಬೇಡ, ನಿನ್ನ ಮೊಣಕೈ ಅವರ ಕೈಗೆ ಕೊಡು. "ಅಲ್ಲಿ", "ಆ ಕಡೆ" ಅಂತ ಕೈ ತೋರಿಸಿ ಹೇಳಬೇಡ. "ನಿಮ್ಮ ಎಡಗಡೆ ಐದು ಹೆಜ್ಜೆಗೆ ಮೆಟ್ಟಿಲು, ಇಳಿಯುವುದು" ಅಂತ ಹೇಳು. ಹೇಳಿ ಸುಮ್ನೆ ಆಗು, ಅವರು ಕೇಳಿಸಿಕೊಳ್ಳಲಿ. ಮತ್ತೆ, ಹೊರಡುವಾಗ "ನಾನು ಹೊರಟೆ" ಅಂತ ಒಂದು ಮಾತು ಹೇಳು. ಅಷ್ಟು ಗದ್ದಲದಲ್ಲಿ ನೀನು ಹೋದ ಹೆಜ್ಜೆ ಸದ್ದು ಅವರಿಗೆ ಕೇಳಿಸಿರುವುದಿಲ್ಲ. ನೀನು ಪಕ್ಕದಲ್ಲೇ ಇದ್ದೀಯ ಅಂದುಕೊಂಡು ಮಾತಾಡುತ್ತಾ ಇರುತ್ತಾರೆ.